ಗಂಟು ಬಿಚ್ಚಿ ಅಳೆ

ಫೆಬ್ರವರಿ ನಾಲ್ಕು

ಅಕ್ಕಾ,

ಇದನ್ನ ಬರೀತಿಲ್ಲ, ಹೇಳ್ತಿದ್ದೀನಿ. ಫೋನಿಗೆ ಹೇಳಿದ್ರೆ ಅದೇ ಅಕ್ಷರ ಮಾಡಿಕೊಡುತ್ತೆ. ದನಿ ಕಳಿಸಿದ್ರೆ ನೀನು ಕೇಳಲ್ಲ. 'ಅಂಗಡೀಲಿ ಲೇತ್ ಓಡ್ತಿರುತ್ತೆ, ನಿನ್ನ ಪುರಾಣ ಯಾರು ಕೇಳ್ತಾರೆ, ಕಾಗದದಲ್ಲಿ ಬಂದ್ರೆ ಊಟ ಮಾಡ್ತಾ ಓದ್ತೀನಿ' ಅಂದಿದ್ದೆಯಲ್ಲ, ತಗೋ, ಕಾಗದ. ನಾಳೆ ಪ್ರಿಂಟ್ ತೆಗೆದು ಅಂಚೆಗೆ ಹಾಕ್ತೀನಿ. ಮಧ್ಯೆ ಎಲ್ಲಾದ್ರೂ ನಾನು ಏದುಸಿರು ಬಿಟ್ಟಿದ್ದು ಅಕ್ಷರವಾಗಿದ್ರೆ ದಾಟಿಕೊಂಡು ಓದು. ಲ್ಯಾಬಿಂದ ರೂಮಿಗೆ ನಲವತ್ತು ನಿಮಿಷ, ನಡೀತಾ ಹೇಳ್ತಿದ್ದೀನಿ. ದೊಡ್ಡ ಕಂಪ್ಯೂಟರ್ ಹಗಲೆಲ್ಲ ದೊಡ್ಡೋರಿಗೆ. ನಮ್ಮಂಥೋರ ಸರದಿ ಎಲ್ಲರೂ ಮಲಗಿದ ಮೇಲೆ.

ಇವತ್ತು ಸೇರಿದ್ವು ಅಕ್ಕ. ನನ್ನ ಹಗ್ಗಗಳು.

ಹೇಗೆ ಹೇಳ್ಲಿ. ಕಂಪ್ಯೂಟರ್ ಒಳಗೆ ಒಂದು ಪೆಟ್ಟಿಗೆ ಇದೆ ಅಂದುಕೋ. ಪೆಟ್ಟಿಗೆ ತುಂಬ ಸಣ್ಣ ಸಣ್ಣ ಚೌಕ, ಜಾಲರಿ ಥರ. ಅದರಲ್ಲಿ ಪ್ಲಾಸ್ಮಾ, ಅಂದ್ರೆ ಕಾದು ಕಾದು ಕರೆಂಟ್ ಹರಿಯೋ ಹಾಗಾದ ಅನಿಲ. ಸೂರ್ಯನ ಮೈಯೆಲ್ಲ ಅದೇ. ಅದರೊಳಗೆ ಆಯಸ್ಕಾಂತದ ಬಲರೇಖೆಗಳು ಹಗ್ಗದ ಹಾಗೆ ಹುರಿಗೊಂಡಿರ್ತವೆ. ಅಂಥ ಎರಡು ಹಗ್ಗ ಪಕ್ಕಪಕ್ಕ ಇಟ್ಟು ಸುಮ್ನೆ ಬಿಟ್ಟುಬಿಡೋದು. ಹತ್ತಿರ ಬರ್ತವೆ, ಒತ್ತಿಕೊಳ್ತವೆ. ಒತ್ತಿದ ಜಾಗದಲ್ಲಿ ಇದರ ಗೆರೆ, ಅದರ ಗೆರೆ ಎರಡೂ ತುಂಡಾಗಿ, ಇದರ ತುದಿ ಅದಕ್ಕೆ, ಅದರ ತುದಿ ಇದಕ್ಕೆ ಕೂಡಿಕೊಳ್ತವೆ. ಮರುಜೋಡಣೆ ಅಂತಾರೆ. ಅಷ್ಟು ಹೊತ್ತು ಒಳಗಿದ್ದ ಬಿಗಿಯೆಲ್ಲ ಬಿಸಿಯಾಗಿ ಚಿಮ್ಮುತ್ತೆ. ಎರಡು ತಿಂಗಳಿಂದ ನನ್ನ ಹಗ್ಗಗಳು ಒಂದು ಸಲ ಪೆಟ್ಟಿಗೆ ಒಡ್ಕೊಂಡು ಹೋಗ್ತಿದ್ವು, ಇನ್ನೊಂದು ಸಲ ಸೋಮಾರಿಗಳ ಥರ ಬಿದ್ದಿರ್ತಿದ್ವು. ಇವತ್ತು ಬಂದ್ವು, ಸೇರಿದ್ವು. ನಾನು ಕುರ್ಚಿ ಮೇಲೆ ಹತ್ತಿ ನಿಂತೆ. ಕಂಪ್ಯೂಟರ್ ಸರದಿ ಹಂಚೋ ಉದ್ದಣ್ಣ ಅಂತ ಒಬ್ಬ ಇದ್ದಾನೆ, 'ಇಳಿ ತಾಯಿ, ಕುರ್ಚಿ ನಂದು' ಅಂದ.

ಮೇ ಹನ್ನೆರಡಕ್ಕೆ ದೊಡ್ಡ ಸಭೆ. ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಅದು ನೋಡಿಕೊಂಡೇ ನನ್ನನ್ನ ಇಲ್ಲಿ ಇಟ್ಟುಕೊಳ್ಳೋದೋ ಜೂನಿನಲ್ಲಿ ಗಂಟುಮೂಟೆ ಕಟ್ಟಿಸೋದೋ ತೀರ್ಮಾನ. ಇನ್ನೇನು ಹೆದರಿಕೆ ಇಲ್ಲ ಬಿಡು.

ಅಂಗಡಿ ಹೇಗಿದೆ? ಇಲ್ಲೊಂದು ಸಾಲು ಹೇಳಿ ಅಳಿಸಿದೆ. ಇರ್ಲಿ.

ನಿನ್ನ ಬುಗುರಿ


ಫೆಬ್ರವರಿ ಇಪ್ಪತ್ತು

ಬುಗುರಿ,

ನಾಲ್ಕು ಹಾಳೆ ಓದುವಷ್ಟರಲ್ಲಿ ಊಟ ಮುಗಿದು, ಕೈ ಒಣಗಿ, ಹಿಟ್ಟಿನ ಗಿರಣಿಯವರು ಬಂದು ಮೋಟಾರ್ ಎಲ್ಲಿ ಎಂದು ಬೈದು ಹೋದರು. ಅವರಿಗೆ ನಿನ್ನ ಸೂರ್ಯನ ವಿಷಯ ಹೇಳಿದೆ. ಸಮಾಧಾನ ಆಗಲಿಲ್ಲ.

ಎರಡು ಹಗ್ಗ ಸೇರಿದ್ದು ಸಂತೋಷ. ಎರಡರಲ್ಲೂ ಕರೆಂಟು ಒಂದೇ ಕಡೆ ಹರಿಯುತ್ತಿರಬೇಕು, ಅಲ್ಲವೇ? ಮೋಟಾರ್ ಶಾರ್ಟ್ ಆದಾಗ ಒಂದೇ ಗೂಡಿನಲ್ಲಿ ತುರುಕಿದ ತಂತಿಗಳು ಹಾಗೆಯೇ ಒಂದನ್ನೊಂದು ಹಿಡಿದೆಳೆಯುತ್ತವೆ. ಬಿಚ್ಚಿ ನೋಡಿದರೆ ಅಂಟಿಕೊಂಡ ಅವಳಿಮಕ್ಕಳ ಹಾಗಿರುತ್ತವೆ. ಅಪ್ಪ ತೋರಿಸಿದ್ದು ನೆನಪಿರಬಹುದು. ನೀನಾಗ ಕಾಯಿಲ್ ಸುತ್ತುವ ಅಚ್ಚಿನ ಮೇಲೆ ಕೂತು ಕಾಲಾಡಿಸುತ್ತಿದ್ದೆ. ಒಂದು ಕಡೆ ನಿಂತವಳಲ್ಲ.

ಅಂಗಡಿ ಇದೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಎಡಗೈ ಬರಹ. ಅದಕ್ಕೂ ಬುದ್ಧಿ ಬರುತ್ತಿದೆ.

ಹೊತ್ತಿಗೆ ಸರಿಯಾಗಿ ತಿನ್ನು. ನಡೆಯುವಾಗ ರಸ್ತೆ ನೋಡಿಕೊಂಡು ಮಾತಾಡು.

ಅಕ್ಕ


ಮಾರ್ಚ್ ಎರಡು

ಅಕ್ಕಾ, ಕೂತಿದ್ದೀಯಾ? ಕೂತ್ಕೋ.

ಕರೆಂಟು ಒಂದೇ ಕಡೆಗೆ, ಹೌದು. ನೀನು ಕಾಗದದಲ್ಲಿ ಎರಡು ಸಾಲಲ್ಲಿ ಕೇಳಿದ್ದನ್ನ ಇಲ್ಲಿ ಬ್ಲ್ಯಾಕ್‌ಬೋರ್ಡ್ ತುಂಬ ಬರೆದು ಹೇಳ್ತಾರೆ. ಆದ್ರೆ ಅದು ಬಿಡು, ಅದಕ್ಕಿಂತ ದೊಡ್ಡದು ಸಿಕ್ಕಿದೆ.

ಗೆರೆ ತುಂಡಾಗಬೇಕಾದ್ರೆ ಪ್ಲಾಸ್ಮಾದಲ್ಲಿ ಕರೆಂಟಿಗೆ ಒಂಚೂರಾದ್ರೂ ತಡೆ ಇರ್ಬೇಕು. ತಡೆ ಇಲ್ಲದಿದ್ರೆ ಗೆರೆಗಳು ಗಟ್ಟಿಯಾಗಿ ಉಳಿದುಬಿಡ್ತವೆ, ತುಂಡಾಗಲ್ಲ. ಹಾಗಾಗಿ ತಡೆ ಕಡಿಮೆ ಮಾಡಿದಷ್ಟೂ ಹಗ್ಗ ಸೇರೋದು ನಿಧಾನ ಆಗ್ಬೇಕು. ಪುಸ್ತಕದ ಲೆಕ್ಕ ಇದು. ಆದ್ರೆ ಸೂರ್ಯ ಪುಸ್ತಕ ಓದಿಲ್ಲ. ಅಲ್ಲಿ ತಡೆ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ, ಆದ್ರೂ ಕಣ್ಣುಮುಚ್ಚಿ ತೆಗೆಯೋದ್ರಲ್ಲಿ ಕಿತ್ತು ಜೋಡಿಸಿಕೊಂಡು ಬೆಂಕಿ ಉಗುಳುತ್ತೆ. ಯಾಕೆ ಅಂತ ಎಷ್ಟೋ ವರ್ಷದಿಂದ ತಲೆ ಕೆರೆದುಕೊಳ್ತಿದ್ದಾರೆ.

ನಾನು ತಡೆಯನ್ನ ಹತ್ತರಲ್ಲಿ ಒಂದು ಪಾಲು ಮಾಡಿದೆ. ಅದೇ ವೇಗ. ನೂರರಲ್ಲಿ ಒಂದು ಮಾಡಿದೆ. ಅದೇ ವೇಗ ಅಕ್ಕ, ಕೂದಲೆಳೆ ವ್ಯತ್ಯಾಸ ಇಲ್ಲ. ಗ್ರಾಫಿನಲ್ಲಿ ಮೂರು ಗೆರೆ ಒಂದರ ಮೇಲೊಂದು ಕೂತಿವೆ, ನನ್ನ ಪೆಟ್ಟಿಗೆಗೂ ಪುಸ್ತಕ ಬೇಡ.

ಇಲ್ಲಿ ನನ್ನ ಕೆಲಸ ನೋಡಿಕೊಳ್ಳೋ ಮೇಷ್ಟ್ರಿಗೆ ತೋರಿಸಿದೆ. ಅವರು ನಗೋದನ್ನ ಈ ಕಟ್ಟಡದಲ್ಲಿ ಯಾರೂ ನೋಡಿಲ್ಲ. ನಕ್ಕರು. 'ಹದಿನೈದು ನಿಮಿಷ ಸಾಲಲ್ಲ, ಮೂವತ್ತು ಕೇಳೋಣ' ಅಂದ್ರು. ಸಾರಾಂಶ ಬರೆದು ಅವತ್ತೇ ಕಳಿಸಿದ್ವಿ. ಕೆಳಗೆ ನನ್ನ ಹೆಸರು ಮೊದಲು, ಅವರದ್ದು ಆಮೇಲೆ. ಪರೀಕ್ಷಿಸಲಾಗಿದೆ ಅಂತ ಒಂದು ವಾಕ್ಯ ಇದೆ ಅದರಲ್ಲಿ, ನಾನೇ ಬರೆದಿದ್ದು.

ನಿದ್ದೆ ಬರ್ತಿಲ್ಲ. ರೂಮು ಎಂಟು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲ. ಎಷ್ಟು ಸುತ್ತು ಹಾಕಿದೀನಿ ಅಂತ ಕೆಳಗಿನ ಮನೆಯವರು ಹೇಳ್ತಾರೆ, ಅವರನ್ನೇ ಕೇಳು.

ಬುಗುರಿ


ಮಾರ್ಚ್ ಹತ್ತೊಂಬತ್ತು

ಬುಗುರಿ,

ತಡೆಯನ್ನು ಕಡಿಮೆ ಮಾಡಿದೆ, ಇನ್ನೂ ಕಡಿಮೆ ಮಾಡಿದೆ ಎನ್ನುತ್ತೀಯ. ಪೂರ್ತಿ ಬಿಚ್ಚಿ ತೆಗೆದು ನೋಡಿದೆಯಾ?

ಬೇರೇನೂ ಇಲ್ಲ. ಕೆಲಸ ಜಾಸ್ತಿ.

ಅಕ್ಕ


ಏಪ್ರಿಲ್ ಆರು

ಅಕ್ಕಾ,

ನಿನ್ನ ಒಂದು ಸಾಲಿಗೆ ನಾನು ಹತ್ತು ದಿನ ಸಿಟ್ಟು ಮಾಡಿಕೊಂಡಿದ್ದೆ. ಇದು ಮೋಟಾರ್ ಅಲ್ಲ. ಗಿರಣಿ ಮೋಟಾರಿಗೆ ಕರೆಂಟ್ ಸೋರಿಕೆ ಅಳೆಯೋ ಮೆಗ್ಗರ್ ಹಿಡಿದ ಹಾಗೆ ಸೂರ್ಯನಿಗೆ ಹಿಡಿಯಕ್ಕಾಗಲ್ಲ. ಇಲ್ಲಿ ಇಷ್ಟೊಂದು ಜನ ನೋಡಿದ್ದಾರೆ, ಮೇಷ್ಟ್ರು ನೋಡಿದ್ದಾರೆ, ಯಾರಿಗೂ ಬರದ ಅನುಮಾನ ನಿನಗೆ. ಮೂವತ್ತು ನಿಮಿಷ ಕೊಟ್ಟಿದ್ದಾರೆ, ಗೊತ್ತಾ? ಸಭೆಯ ಹಾಳೆಯಲ್ಲಿ ಅಚ್ಚಾಗಿದೆ.

ತಡೆ ಸೊನ್ನೆ ಮಾಡಿದ್ರೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಸೇರಲ್ಲ. ಗೊತ್ತಿರೋದನ್ನ ಮಾಡಿ ನೋಡೋದ್ಯಾಕೆ.

ಇದನ್ನ ಕಳಿಸಲ್ಲ ಅನ್ಸುತ್ತೆ.


ಏಪ್ರಿಲ್ ಏಳು

ಅಕ್ಕಾ,

ನಿನ್ನೇದನ್ನೂ ಇದರ ಜೊತೆ ಹಾಕಿದೀನಿ. ಓದು, ನಾಚಿಕೆ ಆಗ್ಲಿ ನನಗೆ.

ಸೊನ್ನೆ ಹಾಕಿದೆ. ಸರದಿ ನಂದಲ್ಲ, ಉದ್ದಣ್ಣನ ಕಾಲು ಹಿಡಿದೆ. 'ಏನು ನೋಡ್ಬೇಕು?' ಅಂದ. 'ಏನೂ ಆಗಲ್ಲ ಅನ್ನೋದನ್ನ ನೋಡ್ಬೇಕು' ಅಂದೆ. 'ಅದಕ್ಕೆ ಕಂಪ್ಯೂಟರ್ ಯಾಕೆ, ನನ್ನ ಮುಖ ನೋಡು' ಅಂದ, ಆದ್ರೂ ಬಿಟ್ಟುಕೊಟ್ಟ.

ಸೇರಿದ್ವು. ತಡೆ ಸೊನ್ನೆ, ಗೆರೆ ತುಂಡಾಗೋಕೆ ಕಾರಣವೇ ಇಲ್ಲ, ಹಗ್ಗಗಳು ಬಂದು ಒತ್ತಿಕೊಂಡು ಆರಾಮಾಗಿ ಸೇರಿದ್ವು. ಅದೇ ವೇಗ. ನಾಲ್ಕನೇ ಗೆರೆ ಆ ಮೂರರ ಮೇಲೆ ಹೋಗಿ ಕೂತ್ಕೊಂಡ್ತು.

ಸೂರ್ಯನೂ ಇಲ್ಲ, ಏನೂ ಇಲ್ಲ ಅಕ್ಕ. ನನ್ನ ಜಾಲರಿ ದಪ್ಪ. ಎರಡು ಹಗ್ಗದ ಮಧ್ಯೆ ಕಾಗದಕ್ಕಿಂತ ತೆಳ್ಳಗೆ ಒಂದು ಪದರ ಆಗುತ್ತೆ, ನನ್ನ ಚೌಕ ಅದಕ್ಕಿಂತ ದೊಡ್ಡದು. ಒಂದೇ ಚೌಕದಲ್ಲಿ ಈ ಕಡೆ ಗೆರೆ ಆ ಕಡೆ ಗೆರೆ ಎರಡೂ ಬಂದು ಕೂತ್ರೆ, ಕಂಪ್ಯೂಟರ್ ಎರಡನ್ನೂ ಕಲಸಿ ಒಂದು ಮಾಡುತ್ತೆ. ಸೇರಿಸ್ತಿದ್ದಿದ್ದು ಅದು. ನಾನು ತಡೆ ಎಷ್ಟು ಹಾಕಿದ್ರೂ ಅದಕ್ಕೇನು.

ಗಂಟು ಬಿಚ್ಚಿದ ಮೇಲೂ ಹರಿದ್ರೆ ಅದು ಜೋಡಣೆ ಅಲ್ಲ, ಸೋರಿಕೆ. ಅಪ್ಪ ದಿನಕ್ಕೆ ಹತ್ತು ಸಲ ಹೇಳ್ತಿದ್ರು. ಮೋಟಾರಿನ ಮೂರು ಕಾಯಿಲ್‌ಗಳ ತುದಿ ಸೇರಿಸಿ ಕಟ್ಟೋ ಸ್ಟಾರ್ ಗಂಟು, ಅದನ್ನ ಬಿಚ್ಚಿ, ಕಾಯಿಲಿಂದ ಕಾಯಿಲಿಗೆ ಮೆಗ್ಗರ್ ಹಿಡಿದು, ಏನೂ ಹರೀತಿಲ್ಲ ಅಂತ ನೋಡಿ, ಆಮೇಲೆ ಮತ್ತೆ ಗಂಟು ಹಾಕಿ, ಚೀಟಿಗೆ ಸಹಿ ಮಾಡಿ ಕಟ್ಟೋದು. ಗಂಟು ಬಿಚ್ಚದೆ ಅಳೆದ್ರೆ ಅಳೆದ ಹಾಗಲ್ಲ.

ಈಗ ಹೇಳ್ತೀನಿ. ನಿಂತ್ಕೊಂಡು ಹೇಳ್ತಿದ್ದೀನಿ, ನಡೀತಿಲ್ಲ.

ಬಟ್ಟೆ ಒಗೆಯೋ ಕಾರ್ಖಾನೆಯ ಆ ಮೋಟಾರ್. ಮೂರು ವರ್ಷದ ಹಿಂದಿಂದು. ಅವತ್ತು ಬೆಳಿಗ್ಗೆ ನನಗೆ ಇಲ್ಲಿಂದ ಕಾಗದ ಬಂದಿತ್ತು, ಸೇರಿಸಿಕೊಂಡಿದ್ದೀವಿ ಅಂತ. ಕೈಕಾಲು ನಿಲ್ತಿರ್ಲಿಲ್ಲ. ಗಂಟು ಬಿಚ್ಚಬೇಕಂದ್ರೆ ಅದರ ಮೇಲೆ ಹೊದಿಸಿದ ಸ್ಲೀವ್ ಕತ್ತರಿಸಿ, ಬೆಸುಗೆ ಕರಗಿಸಿ, ಮತ್ತೆ ಹಾಕ್ಬೇಕು. ಅರ್ಧ ಗಂಟೆ. ಬಿಚ್ಚಲಿಲ್ಲ. ಮೋಟಾರಿನ ಮೈಗೆ ಮಾತ್ರ ಒಂದು ಸಲ ಮೆಗ್ಗರ್ ಹಿಡಿದು, ಮುಳ್ಳು ಚೆನ್ನಾಗಿ ತೋರಿಸ್ತು, ಚೀಟಿಗೆ ಪರೀಕ್ಷಿಸಲಾಗಿದೆ ಅಂತ ಬರೆದು ಕಟ್ಟಿದೆ. ನೀನು ಅದನ್ನ ನಂಬಿ ತಗೊಂಡು ಹೋಗಿ ಕೂರಿಸಿದೆ. ಸ್ವಿಚ್ ಒತ್ತಿದಾಗ ನಿನ್ನ ಬಲಗೈ ಮೋಟಾರಿನ ತಂತಿ ಪೆಟ್ಟಿಗೆ ಹತ್ತಿರ ಇತ್ತು, ಬೆಂಕಿ ಚಿಮ್ಮಿದ್ದು ಅಲ್ಲಿಂದಲೇ.

ನೀನು ಆ ಮಾಲೀಕನ ಮುಂದೆ 'ನನ್ನ ಕೈತಪ್ಪು' ಅಂದೆ. ನಾನು ಪಕ್ಕದಲ್ಲೇ ನಿಂತಿದ್ದೆ. ಹತ್ತು ದಿನಕ್ಕೆ ಇಲ್ಲಿಗೆ ಬಂದೆ. ಮೂರು ವರ್ಷದಲ್ಲಿ ನಿನಗೆ ಎಷ್ಟು ಮಾತಾಡಿದೀನಿ, ಇದೊಂದು ಬಿಟ್ಟು.

ಬೆರಳು ಈಗ ಹೇಗಿವೆ ಅಕ್ಕ? ಫೆಬ್ರವರಿಯಲ್ಲಿ ಅಳಿಸಿದ ಸಾಲು ಇದೇ.

ಮೇಷ್ಟ್ರಿಗೆ ಇನ್ನೂ ಹೇಳಿಲ್ಲ. ಐದು ವಾರ ಇದೆ. ಹೇಳದೆ ಹೋದ್ರೆ ಯಾರಿಗೂ ಗೊತ್ತಾಗಲ್ಲ, ಒಂದು ವರ್ಷವಾದ್ರೂ. ಅಷ್ಟರಲ್ಲಿ ನನ್ನ ಜಾಗ ಗಟ್ಟಿಯಾಗಿರುತ್ತೆ. ಇಷ್ಟನ್ನೂ ನಾನು ಯೋಚಿಸಿದೀನಿ ಅಂತ ನಿನಗೆ ಗೊತ್ತಿರ್ಲಿ.

ಬುಗುರಿ


ಏಪ್ರಿಲ್ ಹದಿನೆಂಟು

ಬುಗುರಿ,

ನನಗೆ ಗೊತ್ತಿತ್ತು.

ಸುಟ್ಟ ಮೋಟಾರನ್ನು ತಂದು ನಾನೇ ಬಿಚ್ಚಿದೆ. ಸ್ಟಾರ್ ಗಂಟಿನ ಸ್ಲೀವ್ ಹಾಕಿದ ಹಾಗೇ ಇತ್ತು, ಕತ್ತರಿ ಮುಟ್ಟಿರಲಿಲ್ಲ. ಚೀಟಿ ಅರ್ಧ ಸುಟ್ಟಿತ್ತು, ನಿನ್ನ ಸಹಿಯ ಬಾಲ ಉಳಿದಿತ್ತು. ಹತ್ತು ದಿನ ನೀನು ಪೆಟ್ಟಿಗೆ ಕಟ್ಟುವುದನ್ನು ನೋಡುತ್ತಾ ಕೂತಿದ್ದೆ. ಹೇಳುತ್ತಾಳೆ, ಇವತ್ತು ಹೇಳುತ್ತಾಳೆ ಎಂದು. ಬಸ್ಸು ಹತ್ತುವಾಗಲೂ ನನ್ನ ಎಡಗೈ ಹಿಡಿದುಕೊಂಡೆ, ಬಲಗೈಯನ್ನಲ್ಲ. ಆಗ ಕೂಗಿ ಕೇಳಬೇಕಿತ್ತು ನಾನು. ಕೇಳಲಿಲ್ಲ. ನನಗೂ ಬಿಗುಮಾನ. ಅದರಲ್ಲಿ ನಾನು ನಿನಗಿಂತ ಆರು ವರ್ಷ ದೊಡ್ಡವಳು.

ಸಿಟ್ಟಿರಲಿಲ್ಲ ಎಂದರೆ ಸುಳ್ಳು. ಸಪೂರ ತಂತಿ ಸುತ್ತುವಾಗ ಬೆರಳಿಗೆ ಅದು ಸಿಗದೆ ಜಾರಿದ ಪ್ರತಿ ಸಲವೂ ಇತ್ತು. ಕಿರುಬೆರಳು, ಉಂಗುರದ ಬೆರಳು ಎರಡೂ ಜೋಮು. ಬಿಸಿ ತಿಳಿಯುತ್ತದೆ, ತಂತಿ ತಿಳಿಯುವುದಿಲ್ಲ. ಈಗ ಎಡಗೈಯಲ್ಲಿ ಸುತ್ತುತ್ತೇನೆ. ಮೊದಲಿಗಿಂತ ನಿಧಾನ, ಮೊದಲಿಗಿಂತ ಒಪ್ಪ.

ನಿನ್ನ ಮೇಷ್ಟ್ರಿಗೆ ಹೇಳುವುದೋ ಬೇಡವೋ ಎಂದು ನೀನು ನನ್ನನ್ನು ಕೇಳಿಲ್ಲ. ಒಳ್ಳೆಯದು. ನಾನೂ ಹೇಳುವುದಿಲ್ಲ.

ಕೆಲಸದ ಮಾತು. ಸೋರುತ್ತಿದೆ ಎಂದು ಗೊತ್ತಾಯಿತಲ್ಲ, ಎಲ್ಲಿ ಎಂದೂ ನೀನೇ ಬರೆದಿದ್ದೀಯ, ಎರಡು ಹಗ್ಗದ ನಡುವಿನ ಪದರದಲ್ಲಿ. ಮತ್ತೆ ಕೈ ತಲೆಯ ಮೇಲೆ ಇಟ್ಟುಕೊಂಡು ಕೂತಿರುವುದೇಕೆ? ಒಂದು ಗೂಡು ಸೋರಿದರೆ ಇಡೀ ಮೋಟಾರನ್ನು ವಾರ್ನಿಶ್ ಡಬ್ಬಿಯಲ್ಲಿ ಮುಳುಗಿಸುವವರು ಹೊಸಬರು. ಸೋರುವ ಗೂಡಿಗೆ ಮಾತ್ರ ಒಳಪದರ ಹಾಕು.

ಅಕ್ಕ


ಮೇ ಹದಿನೈದು

ಅಕ್ಕಾ,

ಎಲ್ಲಿಂದ ಶುರು ಮಾಡ್ಲಿ. ರೂಮು ಸಾಲಲ್ಲ ಅಂತ ಹೊರಗೆ ಬಂದೆ, ಈ ಬೀದಿಯೂ ಸಾಲ್ತಿಲ್ಲ.

ನಿನ್ನ ಕಾಗದ ಬಂದ ದಿನ ಅದನ್ನ ಜೇಬಲ್ಲಿ ಇಟ್ಟುಕೊಂಡೇ ಮೇಷ್ಟ್ರ ಬಾಗಿಲು ತಟ್ಟಿದೆ. ನಾಲ್ಕನೇ ಗೆರೆ ತೋರಿಸಿದೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದ್ರು. ಗೆರೆ ಅಲ್ಲೇ ಇತ್ತು.

'ಸೊನ್ನೆ ಹಾಕು ಅಂತ ಯಾರು ಹೇಳಿದ್ದು?'

'ನಮ್ಮಕ್ಕ ಸರ್.'

'ಯಾವ ವಿಶ್ವವಿದ್ಯಾಲಯ?'

'ಮೋಟಾರ್ ರೀವೈಂಡಿಂಗ್ ಸರ್.'

ಕನ್ನಡಕ ಮತ್ತೆ ತೆಗೆದು ಮೇಜಿನ ಮೇಲಿಟ್ರು. ಆಮೇಲೆ, 'ನಾನು ಕೇಳ್ಬೇಕಿತ್ತು ಅದನ್ನ' ಅಂದ್ರು. ನನ್ನನ್ನ ಬೈದಿದ್ರೆ ಚೆನ್ನಾಗಿರ್ತಿತ್ತು.

ಅಷ್ಟರಲ್ಲಿ ನಾನು ಇಡೀ ಪೆಟ್ಟಿಗೆಯ ಚೌಕ ಅರ್ಧ ಮಾಡೋಕೆ ಹೋಗಿ ಉದ್ದಣ್ಣನ ಹತ್ರ ಉಗಿಸಿಕೊಂಡಿದ್ದೆ. ಚೌಕ ಅರ್ಧ ಮಾಡಿದ್ರೆ ಕೆಲಸ ಹದಿನಾರು ಪಟ್ಟು. 'ಇನ್ನೊಂದು ಸಲ ಅರ್ಧ ಮಾಡಿದ್ರೆ ನನ್ನ ಮದುವೆ ವಯಸ್ಸು ದಾಟುತ್ತೆ' ಅಂದ. ನಿನ್ನ ಒಳಪದರದ ಮಾತು ಓದಿದ್ದೇ, ಎಲ್ಲ ಕಡೆ ಚೌಕ ಹಾಗೇ ಬಿಟ್ಟು, ಎರಡು ಹಗ್ಗ ಒತ್ತೋ ಆ ಪಟ್ಟಿಯಲ್ಲಿ ಮಾತ್ರ ಸಣ್ಣ ಮಾಡಿದೆ, ಅದರೊಳಗೆ ಇನ್ನೂ ಸಣ್ಣ, ಅದರೊಳಗೆ ಇನ್ನೂ ಸಣ್ಣ. ಇದು ಇಲ್ಲಿನವರಿಗೂ ಗೊತ್ತಿರೋ ವಿದ್ಯೆನೇ. ನನಗೇ ಹೊಳೆದಿರ್ಲಿಲ್ಲ, ಅಳ್ತಾ ಕೂತಿದ್ದೆ.

ತಡೆ ಸೊನ್ನೆ ಇಟ್ಟೇ ಓಡಿಸಿದೆ. ಮೊದಲು ಸೋರಿಕೆ ನಿಂತಿದೆಯಾ ನೋಡ್ಬೇಕಲ್ಲ.

ಏನೂ ಆಗ್ಲಿಲ್ಲ ಅಕ್ಕ.

ಹಗ್ಗಗಳು ಬಂದ್ವು, ಒತ್ತಿಕೊಂಡ್ವು, ಹಿಂದಕ್ಕೆ ಚಿಮ್ಮಿದ್ವು. ಮತ್ತೆ ಬಂದ್ವು, ಮತ್ತೆ ಚಿಮ್ಮಿದ್ವು. ಸೇರಲೇ ಇಲ್ಲ. ಕೊನೇವರೆಗೂ ಎರಡು ಎರಡಾಗೇ ಉಳಿದ್ವು. ನಾನೂ ಉದ್ದಣ್ಣನೂ ಆ ಏನೂ ಆಗದ್ದನ್ನ ಮೂರು ಸಲ ಹಾಕಿ ನೋಡಿದ್ವಿ. ಈ ಸಲ ಕುರ್ಚಿ ಹತ್ತಿದ್ದು ಅವನು.

ಆಮೇಲೆ ತಡೆ ವಾಪಸ್ಸು ಹಾಕಿದೆ, ಒಂಚೂರು. ಹಗ್ಗಗಳ ನಡುವಿನ ಪದರ ಉದ್ದ ಆಗ್ತಾ, ತೆಳ್ಳಗಾಗ್ತಾ, ಸುಮ್ನೆ ಇತ್ತು. ಇದ್ದಕ್ಕಿದ್ದ ಹಾಗೆ ಅದರಲ್ಲಿ ಒಂದು ಉಬ್ಬು. ಪಕ್ಕದಲ್ಲಿ ಇನ್ನೊಂದು. ನೋಡ್ತಾ ನೋಡ್ತಾ ಪದರ ಪೂರ್ತಿ ಮಣಿಸರ. ಒಂದೊಂದು ಮಣಿಯೂ ಒಂದು ಪುಟ್ಟ ಹಗ್ಗ, ಮಣಿ ಮಣಿ ಮಧ್ಯೆ ಗೆರೆಗಳು ಪಟಪಟ ಕಿತ್ತು ಕೂಡಿಕೊಳ್ತಿವೆ. ಒಂದು ಕಡೆ ಅಲ್ಲ, ಇಪ್ಪತ್ತು ಕಡೆ ಒಟ್ಟಿಗೆ. ಆಗ ಸೇರಿದ್ವು ದೊಡ್ಡವೆರಡೂ, ಸರ್ರನೆ. ಈ ಮಣಿಗಳ ವಿಷಯ ಮುಂಚೆಯೂ ಬೇರೆಯವರು ಕಂಡಿದ್ದಾರೆ, ನಾನೇ ಮೊದಲಲ್ಲ. ಆದ್ರೆ ನನ್ನ ಪೆಟ್ಟಿಗೆಯಲ್ಲಿ, ಸೋರದೇ ಇರೋ ಪೆಟ್ಟಿಗೆಯಲ್ಲಿ, ನನ್ನ ಕಣ್ಣಿಗೆ ಬಿದ್ದಿದ್ದು ಅವತ್ತೇ. ಚೌಕ ಇನ್ನೂ ಸಣ್ಣ ಮಾಡಿದೆ, ಅದೇ ವೇಗ. ಈ ಸಲದ ಅದೇ ವೇಗ ಬೇರೆ, ಚೌಕದ್ದಲ್ಲ, ಪ್ಲಾಸ್ಮಾದ್ದೇ.

ಹನ್ನೆರಡಕ್ಕೆ ಸಭೆಯಲ್ಲಿ ಎದ್ದು ನಿಂತು ಮೊದಲ ಮಾತೇ, 'ಹಾಳೆಯಲ್ಲಿ ಅಚ್ಚಾಗಿರೋದು ತಪ್ಪು, ತಪ್ಪು ನಂದು, ಹೇಗಂತ ತೋರಿಸ್ತೀನಿ' ಅಂದೆ. ಹಿಂದಿನ ಸಾಲಲ್ಲಿ ಯಾರೋ ಪೆನ್ನು ಮುಚ್ಚಿಟ್ರು. ಮಣಿಸರ ಬಂದಾಗ ಮತ್ತೆ ತೆಗೆದ್ರು. ನೋಡಿದೆ ನಾನು.

ನನ್ನನ್ನ ಇನ್ನೊಂದು ವರ್ಷ ಇಟ್ಟುಕೊಳ್ಳೋಕಾಗಲ್ಲ ಅಂದ್ರು. ನಾಲ್ಕು ತಿಂಗಳು. ಅಷ್ಟರಲ್ಲಿ ಪೂರ್ತಿ ಬರೆದು ಕೊಟ್ರೆ ಆಮೇಲೆ ನೋಡೋಣ ಅಂತ. ಹಳೇ ಸುಳ್ಳನ್ನ ಹೇಳಿದ್ರೆ ವರ್ಷ ಸಿಗ್ತಿತ್ತೇನೋ. ನಾನು ಕುಣೀತಿದ್ದೀನಿ ಅಕ್ಕ, ನಾಲ್ಕು ತಿಂಗಳಿಗೆ. ಎದುರಿಗೆ ಬರ್ತಿರೋ ಹೆಂಗಸು ರಸ್ತೆ ದಾಟಿ ಆ ಕಡೆಗೆ ಹೋದ್ರು.

ಜೂನಿನಲ್ಲಿ ಹದಿನೈದು ದಿನ ಕಂಪ್ಯೂಟರ್ ನಿಲ್ಲಿಸ್ತಾರೆ, ರಿಪೇರಿಗೆ. ಬರ್ಲಾ?

ಬುಗುರಿ


ಮೇ ಇಪ್ಪತ್ತಾರು

ಬುಗುರಿ,

ಗಿರಣಿಯವರಿಗೆ ಮಣಿಸರದ ತನಕ ಓದಿ ಹೇಳಿದೆ. ಏನೂ ಆಗದಿದ್ದಕ್ಕೆ ಇಷ್ಟು ಕುಣಿತವೇ ಎಂದರು. ನಿಮ್ಮ ಮೋಟಾರಿನಿಂದ ಹೊಗೆ ಬರದ ದಿನಗಳಲ್ಲಿ ನಾನೂ ಕುಣಿಯುತ್ತೇನೆ ಎಂದೆ.

ಬಟ್ಟೆ ಒಗೆಯುವ ಕಾರ್ಖಾನೆಯವರು ಆಗಲೇ ಹೊಸ ಮೋಟಾರ್ ತಂದರು, ಹಳೆಯದನ್ನು ಕೇಳಲಿಲ್ಲ. ಮೂರು ವರ್ಷ ಬೆಂಚಿನ ಕೆಳಗೆ ಗೋಣಿ ಹೊದ್ದು ಮಲಗಿತ್ತು. ಏಪ್ರಿಲ್‌ನಲ್ಲಿ ನಿನ್ನ ಕಾಗದ ಬಂದ ಮರುದಿನ ಎಳೆದು ತೆಗೆದು, ಸುಟ್ಟಿದ್ದನ್ನೆಲ್ಲ ಕಿತ್ತು, ಗೂಡು ಗೂಡೂ ಉಜ್ಜಿ, ಎಡಗೈಯಲ್ಲಿ ಸುತ್ತಲು ಕೂತೆ. ಮೊನ್ನೆ ಮುಗಿಯಿತು. ವಾರ್ನಿಶ್ ಒಣಗಿದೆ. ಮೂರು ತುದಿಗಳನ್ನೂ ಹೊರಗೆ ಬಿಟ್ಟು ನೂಲು ಸುತ್ತಿ ಇಟ್ಟಿದ್ದೇನೆ.

ಈ ಲಕೋಟೆಯೊಳಗೆ ಒಂದು ಖಾಲಿ ಚೀಟಿ ಇದೆ. ಕಳೆಯದೆ ತಗೊಂಡು ಬಾ. ಮೆಗ್ಗರ್ ಇಲ್ಲೇ ಇದೆ. ಸ್ಟಾರ್ ಗಂಟು ನಾನು ಹಾಕಿಲ್ಲ.

ಅಕ್ಕ